ಹಾವೇರಿಯೊಳಗೊಂದು ಹಾವೇರಿ

ಹಾವೇರಿ ಜಿಲ್ಲೆಯೊಳಗೆ ಹಾವೇರಿ ತಾಲ್ಲೂಕು, ಆ ತಾಲ್ಲೂಕಿನೊಳಗೆ ಹಾವೇರಿ ಊರು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯ ಪಟ್ಟ ಸಿಕ್ಕಂದಿನಿಂದ ಈ ಒಂದು ಹೆಸರಿಗೆ ಮೂರು ನೌಕರಿ. ಮಂದಿಗೆ ಇದರಿಂದ ತ್ರಾಸಿಲ್ಲ. ‘ಹಾವೇರಿಗೆ ಹೊಂಟೀನಿ’ ಎಂದವನ ಕೈಯಲ್ಲಿ ಅರ್ಜಿ ಕಂಡರೆ ದೇವಗಿರಿಯ ಡಿಸಿ ಆಫೀಸಿಗೆ, ಚೀಲ ಕಂಡರೆ ಪ್ಯಾಟಿಗೆ ಎಂದು ತಿಳಿದುಬಿಡುತ್ತದೆ.

ಕಂಪ್ಯೂಟರಿಗೆ ಅರ್ಜಿಯೂ ಕಾಣದು, ಚೀಲವೂ ಕಾಣದು.

ರಾಣೆಬೆನ್ನೂರಿನ ಹುಡುಗನೊಬ್ಬ ಜಿಲ್ಲೆಯ ಊರುಗಳ ಪಟ್ಟಿಯನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಯಲು ಕೂತ. 1998ರಲ್ಲಿ ಬಂದ ಈ ಪದ್ಧತಿಯಲ್ಲಿ ಮಾಹಿತಿಗೆ ಹಚ್ಚುವ ಹೆಸರುಚೀಟಿಗಳನ್ನು, ಅಂದರೆ ಟ್ಯಾಗುಗಳನ್ನು, ಕನ್ನಡದಲ್ಲೇ ಇಡಬಹುದು. ‘ಜಿಲ್ಲೆ’ಯ ಹೊಟ್ಟೆಯಲ್ಲಿ ‘ತಾಲ್ಲೂಕು’, ಅದರ ಹೊಟ್ಟೆಯಲ್ಲಿ ‘ಊರು’, ಮೂರರಲ್ಲೂ ಒಂದೊಂದು ‘ಹೆಸರು’. ಇದನ್ನು ಓದುವ ಪುಟವಾಗಿಸುವುದು 1999ರ ಎಕ್ಸ್‌ಎಸ್‌ಎಲ್‌ಟಿಯ ಕೆಲಸ. ‘ಹೆಸರು’ ಕಂಡಲ್ಲೆಲ್ಲ ದಪ್ಪಕ್ಷರ ಹಾಕು ಎಂದು ಒಂದು ಟೆಂಪ್ಲೇಟು ಬರೆದ. ಹಾವೇರಿ, ಹಾವೇರಿ, ಹಾವೇರಿ ಎಂದು ಮೂರೂ ಒಂದೇ ಗಾತ್ರದಲ್ಲಿ ಎದೆಯುಬ್ಬಿಸಿ ನಿಂತವು.

ಯಾರ ಮನೆಯ ‘ಹೆಸರು’ ಎಂದು ಟೆಂಪ್ಲೇಟಿಗೆ ತಿಳಿಯಬೇಕಾದರೆ ‘ಜಿಲ್ಲೆ/ಹೆಸರು’ ಎಂದು ತಂದೆಯ ಸಮೇತ ಬರೆಯಬೇಕು. ಎರಡೂ ಬಗೆಯ ಟೆಂಪ್ಲೇಟುಗಳಿದ್ದರೆ ಬರೀ ‘ಹೆಸರು’ ಎಂಬುದಕ್ಕೆ ಆದ್ಯತೆ 0, ತಂದೆ ಜೊತೆಗಿದ್ದರೆ 0.5. ವಶೀಲಿ ಇಲ್ಲೂ ನಡೆಯುತ್ತದೆ!

ಮುಂದೆ ‘ಜಿಲ್ಲೆ’ಗೆ ಒಂದು ಚಂದದ ಟೆಂಪ್ಲೇಟು ಬರೆದ. ತಲೆಬರಹ ಬಂತು, ತಾಲ್ಲೂಕುಗಳೆಲ್ಲ ಮಾಯ. ‘ಅಪ್ಲೈ-ಟೆಂಪ್ಲೇಟ್ಸ್’ ಎಂಬ ಅಪ್ಪಣೆ ಇಲ್ಲದಿದ್ದರೆ ಆ ಟೆಂಪ್ಲೇಟು ಮಕ್ಕಳ ಬಳಿಗೆ ಹೋಗುವುದಿಲ್ಲ; ಬ್ಯಾಡಗಿಯೊಳಗೆ ಹೋಗದೆ ಮೋಟೆಬೆನ್ನೂರು ಕ್ರಾಸಿನಲ್ಲೇ ಇಳಿಸಿ ಹೈವೇ ಹಿಡಿಯುವ ಬಸ್ಸಿನ ಹಾಗೆ.

ಅದನ್ನು ಸರಿಪಡಿಸುವಷ್ಟರಲ್ಲಿ ಮೆಣಸಿನಕಾಯಿಯ ಆಸೆ ಹುಟ್ಟಿತು. ಬ್ಯಾಡಗಿ ‘ಊರಿ’ನೊಳಗೆ ‘ಮೆಣಸಿನಕಾಯಿ’, ಅದರೊಳಗೆ ಎರಡು ‘ತಳಿ’, ಅವುಗಳಿಗೂ ‘ಹೆಸರು’: ಡಬ್ಬಿ, ಕಡ್ಡಿ. (2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿ ಧಾರವಾಡ, ಗದಗದ ಹೊಲಗಳಲ್ಲೂ ಬೆಳೆಯುತ್ತದೆ. ಅದನ್ನು ಒಂದೇ ಊರಿನ ಹೊಟ್ಟೆಗೆ ತುರುಕಿದ್ದೇ ಜುಲುಮೆ.) ಊರುಗಳ ಹೆಸರಿಗೆಂದು ಅವನು ಬರೆದದ್ದು ‘ಊರು//ಹೆಸರು’. ಎರಡು ಗೆರೆ ಎಂದರೆ ಎಷ್ಟು ಆಳದಲ್ಲಿದ್ದರೂ ಬಿಡಬೇಡ ಎಂದರ್ಥ. ಡಬ್ಬಿ, ಕಡ್ಡಿ ಎರಡೂ ಹಳ್ಳಿಗಳಾದವು. ಒಂದು ಗೆರೆ ಅಳಿಸಿದ ಮೇಲೆ ಮತ್ತೆ ಕಾಯಿಗಳಾದವು.

ಅಷ್ಟಾದರೂ ಬ್ಯಾಡಗಿಯ ಗೆಳೆಯ ಪುಟ ನೋಡಿ ಹುಬ್ಬೇರಿಸಿದ. ಕಾಗಿನೆಲೆ, ಮೋಟೆಬೆನ್ನೂರು ಎರಡೂ ರಾಣೆಬೆನ್ನೂರು ತಾಲ್ಲೂಕಿನ ಬಾಲಕ್ಕೆ ಅಂಟಿಕೊಂಡಿದ್ದವು. ಟ್ಯಾಗಿನಲ್ಲಿ ಒಂದು ಕಡೆ ‘ತಾಲ್ಲೂಕು’, ಇನ್ನೊಂದು ಕಡೆ ‘ತಾಲೂಕು’. ಒತ್ತಿಲ್ಲದ ತಾಲೂಕಿಗೆ ಟೆಂಪ್ಲೇಟು ಇರಲಿಲ್ಲ. ಅಂಥಲ್ಲಿ ಎಕ್ಸ್‌ಎಸ್‌ಎಲ್‌ಟಿ ತಕರಾರು ತೆಗೆಯುವುದಿಲ್ಲ, ತನ್ನ ಹುಟ್ಟುನಿಯಮದಂತೆ ಸುಮ್ಮನೆ ಒಳಗಿಳಿದು ಮಕ್ಕಳನ್ನು ಹೊರತರುತ್ತದೆ. ಹಾಗಾಗಿ ಊರುಗಳು ಬಂದವು, ಬ್ಯಾಡಗಿಯ ತಲೆಬರಹ ಬರಲಿಲ್ಲ.

“ಏನ್ಲೇ, ನಮ್ಮನ್ನ ಒಂದ್ ಮಾತು ಕೇಳದ ನಿಮ್ಮ ತಾಲೂಕಿಗೆ ಸೇರಿಸ್ಕೊಂಡಿಯಲ್ಲ?”

ರಾಣೆಬೆನ್ನೂರಿನವನು ಉತ್ತರ ಕೊಡದೆ ‘ಲೂ’ಗೆ ಒತ್ತು ಹಾಕಲು ಕೂತ.