ಪಾಡಿ ಕಾರ್ಡಿನ ಮುಳುಗಪ್ಪ

ದಸರೆ ಹಬ್ಬದ ಸಂಜೆ. ಇಂಗಳೇಶ್ವರದ ಓಣಿಗಳಲ್ಲಿ ಬನ್ನಿ ಎಲೆ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಸಣ್ಣವರು ದೊಡ್ಡವರ ಕಾಲಿಗೆ ಬಿದ್ದು ‘ಬಂಗಾರದಂಗ ಇರೋಣು’ ಎನ್ನುತ್ತಿರುತ್ತಾರೆ. ಆ ಹೊತ್ತಿಗೆ ಸರಿಯಾಗಿ ಬಾಗೇವಾಡಿ ಬಸ್ಸಿನಿಂದ ಮುಳುಗಪ್ಪ ಇಳಿಯುತ್ತಾನೆ. ಅವನ ಕೈಗೆ ಬನ್ನಿ ಕೊಟ್ಟವರಿಗೆ ತಿರುಗಿ ಬನ್ನಿ ಸಿಗುವುದಿಲ್ಲ, ಮೊಬೈಲ್ ಸಿಗುತ್ತದೆ. ಪರದೆಯ ಮೇಲೊಂದು ಕಾರ್ಡು, ಅದರಲ್ಲಿ ಇವನ ಫೋಟೋ, ಒಂದು ನಂಬರು, ‘ಓಪನ್ ವಾಟರ್ ಡೈವರ್’ ಎಂಬ ಪದವಿ. ಕಟ್ಟೆಯ ಮೇಲಿನ ಹಿರಿಯರು ಕನ್ನಡಕ ಏರಿಸಿ, ‘ಏನಪಾ ಇದು?’ ಎನ್ನುತ್ತಾರೆ.

‘ಪಾಡಿ ಕಾರ್ಡ್ ರೀ ಕಾಕಾ.’

‘ಪಡಿ ಕಾರ್ಡಾ? ಬೆಂಗಳೂರಾಗ ಅಷ್ಟು ಪಗಾರ ತಗೋತಿ, ನಿನಗ್ಯಾರು ಬಿಪಿಎಲ್ ಕೊಟ್ರು?’

ಮುಳುಗಪ್ಪ ಎಂಬುದು ತೊಟ್ಟಿಲ ಹೆಸರಲ್ಲ. ಅದು ಬಸವರಾಜ ಎಂದೋ ಸಂಗಮೇಶ ಎಂದೋ ಇರುತ್ತದೆ. ಜಾತ್ರೆಯಲ್ಲಿ ನಿಂತು ಆ ಹೆಸರು ಕೂಗಿದರೆ ಅರ್ಧ ಜಾತ್ರೆ ತಿರುಗಿ ನೋಡುವುದರಿಂದ ಊರವರು ಗುರುತಿಗೆ ಬೇರೆ ಹೆಸರಿಟ್ಟಿದ್ದಾರೆ. ಅವನು ಒಬ್ಬನೇ ಅಲ್ಲ. ಇಂಡಿಯ ನಿಂಬೆ ತೋಟದವರ ಮಗ, ಸಿಂದಗಿಯ ಮಾಸ್ತರರ ಮಗಳು, ಮುದ್ದೇಬಿಹಾಳದ ಕಿರಾಣಿ ಅಂಗಡಿಯವರ ಅಳಿಯ, ಹೀಗೆ ತಾಲ್ಲೂಕಿಗೊಬ್ಬರಂತೆ ಈ ಜಾತಿ ಹಬ್ಬುತ್ತಿದೆ. ಲಕ್ಷಣಗಳು ಎಲ್ಲೆಡೆ ಒಂದೇ: ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಮೂರು ದಿನದ ರಜೆ, ಹಣೆ ಮತ್ತು ಕೆನ್ನೆಯ ಮೇಲೆ ಮಾಸ್ಕ್ ಒತ್ತಿದ ಕೆಂಪು ಗೆರೆ, ಮತ್ತು ಯಾರು ಏನೇ ಕೇಳಲಿ ಎರಡನೇ ಮಾತಿಗೆ ‘ಹದಿನೆಂಟು ಮೀಟರ್’ ಎನ್ನುವ ಚಟ.

ಮನೆಯೊಳಗಿನ ಕಥೆ ಇನ್ನೂ ಬೇರೆ. ‘ಸ್ಕೂಬಾ ಮುಗಿಸಿ ಬಂದೆ’ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಕೇಳಿದಳು: ‘ಕುಬಸಾ? ಯಾರದು? ಎಷ್ಟು ತಿಂಗಳು? ನನಗ ಹೇಳೇ ಇಲ್ಲಲ್ಲೋ.’ ಮದುವೆಯೇ ಆಗದ ಮೊಮ್ಮಗ ಸ್ಕೂಬಾ ಬೇರೆ, ಕುಬಸ ಬೇರೆ ಎಂದು ತಿಳಿಸಲು ಒಂದು ಹಿಡಿ ಶೇಂಗಾ ಹಿಂಡಿ ತೀರುವಷ್ಟು ಹೊತ್ತು ಬೇಕಾಯಿತು. ಸ್ಕೂಬಾ ಎಂದರೆ ‘ಸೆಲ್ಫ್ ಕಂಟೇನ್ಡ್ ಅಂಡರ್‌ವಾಟರ್ ಬ್ರೀದಿಂಗ್ ಅಪರೇಟಸ್’ ಎಂಬ ಐದು ಪದಗಳ ಮೊದಲಕ್ಷರ ಎಂದು ಬಿಡಿಸಿ ಹೇಳಿದ. ಅಜ್ಜಿಗೆ ಇದಕ್ಕಿಂತ ಕುಬಸವೇ ಚಲೋ ಅನಿಸಿತು. ಅಲ್ಲಿ ಊಟವಾದರೂ ಇರುತ್ತದೆ.

ಮಾವನಿಗೆ ಮಾತ್ರ ಸಂಗತಿ ಪೂರ್ತಿ ತಿಳಿಯಬೇಕು. ಎಷ್ಟು ರೊಕ್ಕ ಹೋಯಿತು, ಏನು ಸಿಕ್ಕಿತು. ಕಾಲು ಲಕ್ಷದ ಮೇಲೆ ಎಂದು ಕೇಳಿ ಅವರು ಕಣ್ಣು ಮುಚ್ಚಿ, ಎರಡು ಒಳ್ಳೆಯ ಟಗರು ನೀರಿಗೆ ಬಿದ್ದದ್ದನ್ನು ಮನಸ್ಸಿನಲ್ಲೇ ನೋಡಿದರು. ‘ಉಪ್ಪು ನೀರಾಗ ಕಾಲಿಡಾಕ ಅಷ್ಟು ದೂರ ಯಾಕ ಹೋಗಬೇಕಿತ್ತು? ನಮ್ಮ ಡೋಣಿ ಹೊಳಿ ನೀರು ಸಿಹಿ ಐತೇನು?’

ಮುಳುಗಪ್ಪ ಲೆಕ್ಕ ಒಪ್ಪಿಸಿದ. ಪಾಡಿ ಎಂಬುದು 1966ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಜಾನ್ ಕ್ರೋನಿನ್, ರಾಲ್ಫ್ ಎರಿಕ್ಸನ್ ಎಂಬ ಇಬ್ಬರು ಕಟ್ಟಿದ ಸಂಸ್ಥೆ. ಅದು ಕೊಟ್ಟ ಕಾರ್ಡು ಜಗತ್ತಿನ ಯಾವ ಸಮುದ್ರದಲ್ಲೂ ಹದಿನೆಂಟು ಮೀಟರ್ ಆಳದತನಕ ನಡೆಯುತ್ತದೆ. ಸುಮ್ಮನೆ ಕೊಡುವುದಿಲ್ಲ. ಮೊದಲು ಪಾಠ, ಅದನ್ನು ಅವನು ಮೆಟ್ರೋದಲ್ಲಿ ನೇತಾಡುತ್ತಲೇ ಮೊಬೈಲಿನಲ್ಲಿ ಓದಿದ್ದ. ಐವತ್ತು ಪ್ರಶ್ನೆಗಳ ಪರೀಕ್ಷೆ, ಪಾಸಾಗಲು ನೂರಕ್ಕೆ 75 ಬೇಕು. ‘ಎಸ್ಸೆಲ್ಸಿಯಾಗ ನಿನಗ ಅಷ್ಟು ಬಿದ್ದಿರಲಿಲ್ಲ’ ಎಂದು ಮಾವ ನಡುವೆ ನೆನಪಿಸಿದರು. ಆಮೇಲೆ ವೈದ್ಯಕೀಯ ಫಾರ್ಮು: ದಮ್ಮು ಇದೆಯೇ, ಕಿವಿ ಆಪರೇಷನ್ ಆಗಿದೆಯೇ, ಹೃದಯದ ತೊಂದರೆ ಇದೆಯೇ. ಆಮೇಲೆ 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು. ಕೊನೆಗೆ ಸಮುದ್ರದಲ್ಲಿ ನಾಲ್ಕು ಮುಳುಗು.

ಈಜು ಅವನಿಗೆ ಹೊಸದಲ್ಲ. ಎಂಟನೇ ವಯಸ್ಸಿನಲ್ಲಿ ಇದೇ ಮಾವ ಅವನ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಹೊಲದ ಬಾವಿಗೆ ನೂಕಿದ್ದರು. ಅಲ್ಲಿ ಡಬ್ಬಿ ಕಟ್ಟಿದ್ದು ಮುಳುಗದಿರಲಿ ಎಂದು. ಇಲ್ಲಿ ಬೆನ್ನಿಗೆ ಕಟ್ಟುವ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಗಾಳಿ ತುರುಕಿರುತ್ತಾರೆ. ಅಷ್ಟಾದರೂ ಮನುಷ್ಯ ಮುಳುಗಲೊಲ್ಲ ಎಂದು ಸೊಂಟಕ್ಕೆ ಸೀಸದ ಗುಂಡು ಬೇರೆ ಬಿಗಿಯುತ್ತಾರೆ. ‘ಅಂದ್ರ ತೇಲೂದು ಪುಕ್ಕಟೆ ಕಲಿಸಿದ್ದೆ, ಮುಳುಗೂದಕ್ಕ ರೊಕ್ಕ ಕೊಟ್ಟಿ’ ಎಂದು ಮಾವ ಒಂದೇ ಮಾತಿನಲ್ಲಿ ಕೋರ್ಸಿನ ಸಾರಾಂಶ ತೆಗೆದರು.

ನಿಜವಾದ ಕಷ್ಟ ಎದುರಾಗಿದ್ದು ಬೆಂಗಳೂರಿನ ಈಜುಕೊಳದಲ್ಲಿ. ತಳದಲ್ಲಿ ಮೊಣಕಾಲೂರಿ, ಕಣ್ಣು ಮೂಗು ಎರಡನ್ನೂ ಮುಚ್ಚಿದ ಮಾಸ್ಕನ್ನು ಪೂರ್ತಿ ತೆಗೆದು ಮತ್ತೆ ಹಾಕಿಕೊಳ್ಳಬೇಕು. ಹಾಕಿಕೊಂಡಾಗ ಒಳಗೆ ನೀರು ತುಂಬಿರುತ್ತದೆ. ಮುಖ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಬೆರಳಿನಿಂದ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಹೇಳುವುದಕ್ಕೆ ಇಷ್ಟೇ. ಮುಳುಗಪ್ಪ ಮೂಗಿನಿಂದ ಬಿಡುವ ಬದಲು ಎಳೆದ. ಊರಿನ ಯೋಗ ಶಿಬಿರದಲ್ಲಿ ತಂಬಿಗೆಯ ಮೂತಿಯಿಂದ ಹನಿಹನಿಯಾಗಿ ಮಾಡಿಸಿದ ಜಲನೇತಿ ಇಲ್ಲಿ ಕೊಡಗಟ್ಟಲೆ ಆಯಿತು. ಕ್ಲೋರಿನ್ನಿನ ಘಾಟು ಎರಡು ದಿನ ತಲೆಯಲ್ಲೇ ಸುತ್ತುತ್ತಿತ್ತು. ಆಫೀಸಿನ ಮೀಟಿಂಗಿನಲ್ಲಿ ಬಗ್ಗಿದಾಗ ಮೂಗಿನಿಂದ ಒಂದು ಚಮಚ ನೀರು ಲ್ಯಾಪ್‌ಟಾಪಿನ ಮೇಲೆ ಬಿತ್ತು. ನಾಲ್ಕನೇ ಸಲಕ್ಕೆ ವಿದ್ಯೆ ಕೈಗೆ ಬಂತು. ಅದನ್ನು ಅವನು ಯಾರಿಗೂ ಹೇಳುವುದಿಲ್ಲ, ಹೇಳುವುದೇನಿದ್ದರೂ ಸಮುದ್ರದ್ದು.

ಸಮುದ್ರ ಎಂದರೆ ಮುರುಡೇಶ್ವರ. ಇಂಗಳೇಶ್ವರದವನು ಮುರುಡೇಶ್ವರಕ್ಕೆ ಹೋಗಿದ್ದ ಎಂದಾಗ ಊರವರು ಈಶ್ವರನಿಂದ ಈಶ್ವರನಿಗೆ, ದರ್ಶನಕ್ಕೆ ಎಂದೇ ತಿಳಿದಿದ್ದರು. 123 ಅಡಿಯ ಶಿವನ ಮೂರ್ತಿಗೆ ಅವನು ದೋಣಿಯಿಂದಲೇ ಕೈಮುಗಿದದ್ದೂ ನಿಜ. ದೋಣಿ ಮುಂದೆ ಹೋಗಿದ್ದು ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ನಡುಗಡ್ಡೆಗೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ ಕಾಣುವ ಈ ದ್ವೀಪದ ಸುತ್ತ ಹವಳದ ದಿಬ್ಬಗಳಿವೆ. ಮಳೆಗಾಲದಲ್ಲಿ ಇಲ್ಲಿ ಡೈವಿಂಗ್ ಬಂದ್. ಅಕ್ಟೋಬರಿಗೆ ಶುರುವಾದರೆ ಮೇ ತಿಂಗಳತನಕ. ಅದಕ್ಕೇ ಮುಳುಗಪ್ಪನ ಜಾತಿಯವರಿಗೆ ದಸರಾ ರಜೆ ಅಷ್ಟು ಪ್ರೀತಿ.

ದೋಣಿ ಅಲೆಗೆ ತೂಗಿದಾಗ ಅವನು ಬೆಳಗ್ಗೆ ತಿಂದಿದ್ದ ಎರಡು ಬನ್ಸ್ ಸಮುದ್ರದ ಪಾಲಾದವು. ಮೀನುಗಳು ಗುಂಪಾಗಿ ಬಂದು ಅವನ್ನು ಸ್ವಾಗತಿಸಿದವು. ಬಾಯಲ್ಲಿ ರೆಗ್ಯುಲೇಟರ್ ಕಚ್ಚಿ ಅವನು ಹಿಂದಕ್ಕೆ ಉರುಳಿ ನೀರಿಗೆ ಬಿದ್ದ. ಆ ರೆಗ್ಯುಲೇಟರಿನ ಕಥೆಯನ್ನು ಅವನು ಊರಿನ ಮೋಟಾರ್ ಮೆಕ್ಯಾನಿಕ್‌ಗೆ ಹೇಳಿದಾಗ ಮಾತ್ರ ಒಬ್ಬ ಶ್ರೋತೃ ನಿಜವಾಗಿ ಬಾಯಿ ತೆರೆದು ಕೇಳಿದ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗದಾದಾಗ ಕಾರನ್ನು ಗ್ಯಾಸಿನಿಂದ ಓಡಿಸಲು ಎಮಿಲ್ ಗಾನ್ಯಾಂ ಎಂಬ ಎಂಜಿನಿಯರ್ ಒಂದು ವಾಲ್ವ್ ಮಾಡಿದ್ದ. ನೌಕಾಪಡೆಯ ಝಾಕ್ ಕುಸ್ಟೋ ಜೊತೆಗೂಡಿ 1943ರಲ್ಲಿ ಅದನ್ನೇ ಮನುಷ್ಯನ ಬಾಯಿಗೆ ಹೊಂದಿಸಿದರು: ಎಳೆದಾಗಷ್ಟೇ ಗಾಳಿ, ಎಷ್ಟು ಬೇಕೋ ಅಷ್ಟೇ ಗಾಳಿ. ‘ಅಂದ್ರ ಕಾರ್ಬೊರೇಟರ್ ಬಾಯಾಗ ಇಟ್ಕೊಂಡಂಗ’ ಎಂದ ಮೆಕ್ಯಾನಿಕ್. ಊರಲ್ಲಿ ಮುಳುಗಪ್ಪನಿಗೆ ಸಿಕ್ಕ ಮೊದಲ ಗೌರವ ಅದು.

ನೀರೊಳಗೆ ಮಾತಿಲ್ಲ, ಕೈಸನ್ನೆ. ಮೊದಲ ಮುಳುಗಿನಲ್ಲಿ ಬಣ್ಣಬಣ್ಣದ ಚಿಟ್ಟೆಮೀನು ಕಂಡು ಹಿಗ್ಗಿದ ಮುಳುಗಪ್ಪ, ಫೋಟೋಕ್ಕೆ ಪೋಸು ಕೊಟ್ಟು ಬಂದ ರೂಢಿಯಲ್ಲಿ ಹೆಬ್ಬೆರಳು ಎತ್ತಿ ‘ಭಾರಿ ಐತಿ’ ಎಂದ. ಡೈವಿಂಗಿನಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಗುರು ಅವನನ್ನು ಮೇಲಕ್ಕೆ ಕರೆತಂದು ಏನಾಯಿತು ಎಂದು ಕೇಳಿದ. ಏನೂ ಇಲ್ಲ. ಮತ್ತೆ ಕೆಳಗೆ, ಹವಳದ ಸಂದಿಯಿಂದ ಹಾವಿನಂಥ ಮೊರೆ ಈಲ್ ಬಾಯಿ ತೆರೆದು ನೋಡಿತು, ಮತ್ತೆ ಹೆಬ್ಬೆರಳು, ಮತ್ತೆ ಮೇಲೆ. ಚಲೋ ಇದ್ದರೆ ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಈಗ ಊರಲ್ಲೂ ಅದೇ ರೂಢಿ. ‘ಊಟ ಸಾಕೇನೋ?’ ಎಂದರೆ ಉಂಗುರ ತೋರಿಸುತ್ತಾನೆ. ಅಜ್ಜಿ ನಶ್ಯದ ಡಬ್ಬಿ ಮುಂದೆ ತಳ್ಳುತ್ತಾಳೆ.

ಮರುದಿನ ಮುಂಜಾನೆ ಅವ್ವ ಮಾಳಿಗೆ ಹತ್ತಿ ಕಾಳು ಹರವಿ ಬಾ ಎಂದಳು. ಮುಳುಗಪ್ಪ ವಾಚು ನೋಡಿಕೊಂಡ. ಒಂದಕ್ಕಿಂತ ಹೆಚ್ಚು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು ಎಂಬುದು ನಿಯಮ. ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಂತೆ ಒತ್ತಡ ಒಮ್ಮೆಲೇ ಇಳಿದರೆ ಗುಳ್ಳೆಯೇಳುತ್ತದೆ. ನಿಯಮ ಸರಿಯಾದದ್ದೇ. ಅದನ್ನು ಹನ್ನೆರಡು ಅಡಿಯ ಮಾಳಿಗೆಗೆ ಅನ್ವಯಿಸಿದ್ದು ಮಾತ್ರ ಅವನ ಸ್ವಂತ ಸಂಶೋಧನೆ. ಅರಬೈಲ್ ಘಟ್ಟ ಹತ್ತಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದಾಗ ಏಳದ ಗುಳ್ಳೆ ಕಾಳಿನ ಬುಟ್ಟಿ ಕಂಡಾಗ ಹೇಗೆ ಏಳುತ್ತದೆ ಎಂದು ಅವ್ವ ಕೇಳಲಿಲ್ಲ. ತಾನೇ ಹತ್ತಿ ಹರವಿ ಬಂದಳು.

ಅವನ ದೊಡ್ಡ ತೊಂದರೆ ಎಂದರೆ ಊರು ತಪ್ಪಿದ್ದು. ಮಂಗಳೂರಿನಲ್ಲೋ ಕಾರವಾರದಲ್ಲೋ ಹುಟ್ಟಿದ್ದರೆ ಹದಿನೆಂಟು ಮೀಟರ್ ಎಂದಾಗ ಯಾರಾದರೂ ಹುಬ್ಬೇರಿಸುತ್ತಿದ್ದರೇನೋ. ಆಲಮಟ್ಟಿಯ ಸುತ್ತಿನ ಈ ಸೀಮೆಯಲ್ಲಿ ನೀರು, ಮೀಟರ್ ಎರಡೂ ಒಂದೇ ವಾಕ್ಯದಲ್ಲಿ ಬಂದರೆ ಜನಕ್ಕೆ ನೆನಪಾಗುವುದು ಎರಡೇ ಅಂಕಿ: ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ 519.60, ಮುಂದೆ ಏರಿಸಬೇಕೆಂದಿರುವ 524.256. ಚಹಾದಂಗಡಿಯಲ್ಲಿ ಕೂತ ಯಾರನ್ನು ಕೇಳಿದರೂ ದಶಮಾಂಶ ಸಮೇತ ಹೇಳುತ್ತಾರೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಓಣಿಗಳು, ಹೊಳೆದಂಡೆಯ ಹಳ್ಳಿಗಳು, ಎಷ್ಟೋ ಬೀಗರ ಮನೆಗಳು ಹೋಗಿವೆ. ಮುಳುಗುವುದು ಎಂದರೆ ಇಲ್ಲಿ ಸಾಹಸವಲ್ಲ, ಕಚೇರಿ ಅಲೆದಾಟ. ಆದ್ದರಿಂದ ‘ಹದಿನೆಂಟು ಮೀಟರಿಗೆ ಸರ್ಟಿಫಿಕೇಟ್ ಕೊಟ್ಟಾರ’ ಎಂದಾಗ ಬಂದ ಪ್ರಶ್ನೆ ಸಹಜವಾದದ್ದು: ‘ಎಕರೆಕ್ಕ ಎಷ್ಟು ಕೊಡ್ತಾರಂತ?’

ಇನ್ನೊಬ್ಬರು ಕೂಡಲಸಂಗಮ ನೆನೆದರು. ನಾರಾಯಣಪುರ ಜಲಾಶಯದ ನೀರು ಏರಿದ ಮೇಲೆ ಬಸವಣ್ಣನವರ ಐಕ್ಯಮಂಟಪಕ್ಕೆ ಸುತ್ತ ಬಾವಿಯಂತೆ ಕಾಂಕ್ರೀಟ್ ಗೋಡೆ ಕಟ್ಟಿದ್ದಾರಲ್ಲ. ಹೊಳೆಯ ನಡುವೆ ಮೆಟ್ಟಿಲಿಳಿದು ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ದರ್ಶನ ಮಾಡಿ ಬರಬಹುದು. ‘ನಾವೂ ಇಳದೀವಿ. ಧೋತರ ಸುದ್ದಾ ಹಸಿ ಆಗಲಿಲ್ಲ.’ ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರಾದ ಇಂಗಳೇಶ್ವರದಲ್ಲಿ ಈ ಮಾತಿಗೆ ಎದುರಾಡುವವರಿಲ್ಲ. ಮುಳುಗಪ್ಪನೂ ಆಡಲಿಲ್ಲ.

ಮೂರನೇ ದಿನ ಹೊಲದ ಬಾವಿಯ ಫುಟ್‌ವಾಲ್ವ್‌ಗೆ ಕಸ ಕಟ್ಟಿ ಮೋಟಾರ್ ನೀರೆತ್ತದಾಯಿತು. ಇಪ್ಪತ್ತು ಅಡಿ ನೀರು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಮುಳುಗಪ್ಪ ಬಗ್ಗಿ ನೋಡಿ, ನೀರೊಳಗೆ ಏನೂ ಕಾಣುವುದಿಲ್ಲ, ಸಿಲಿಂಡರ್ ಇಲ್ಲ, ‘ಮೇಲಾಗಿ ಬಡ್ಡಿ ಇಲ್ದ ನೀರಿಗೆ ಇಳಿಯೂದು ರೂಲ್ ಇಲ್ಲ’ ಎಂದ. ಡೈವಿಂಗಿನಲ್ಲಿ ಜೊತೆಗಾರನಿಗೆ ಬಡ್ಡಿ ಎನ್ನುತ್ತಾರೆ.

‘ಬಡ್ಡಿ ಸೊಸೈಟಿಗೆ ನಾ ಕಟ್ಟತೀನಿ’ ಎಂದರು ಮಾವ. ‘ನೀ ಇಳಿ.’

ಅಷ್ಟರಲ್ಲಿ ಪಕ್ಕದ ಹೊಲದ ಹುಡುಗ ಅಂಗಿ ಬಿಚ್ಚಿ ಕಟ್ಟೆ ಹತ್ತಿದ್ದ. ಕೋರ್ಸಿನ ಮೊಟ್ಟಮೊದಲ ಪಾಠ ಮುಳುಗಪ್ಪನ ನಾಲಿಗೆಗೆ ತಾನಾಗಿ ಬಂತು: ‘ಉಸಿರು ಹಿಡೀಬ್ಯಾಡೋ! ಎಂದೂ ಉಸಿರು ಹಿಡೀಬಾರದು!’ ಬೆಂಗಳೂರಿನವರ ಮಾತಿಗೆ ಬೆಲೆ ಕೊಡುವ ಹುಡುಗ ಹಿಡಿಯಲಿಲ್ಲ. ಎರಡು ಸೆಕೆಂಡಿಗೆ ಕೆಮ್ಮುತ್ತ, ಉಗುಳುತ್ತ ಮೇಲೆ ಬಂದ. ಆ ನಿಯಮ ಸಿಲಿಂಡರಿನ ಒತ್ತಿದ ಗಾಳಿ ಸೇದುವವರಿಗೆ ಮಾತ್ರ. ಹತ್ತು ಮೀಟರ್ ಕೆಳಗೆ ಒತ್ತಡ ದುಪ್ಪಟ್ಟು, ಅಲ್ಲಿ ತುಂಬಿಕೊಂಡ ಗಾಳಿಯನ್ನು ಹಿಡಿದು ಮೇಲೆ ಬಂದರೆ ಅದು ಜಾತ್ರೆಯ ಪುಗ್ಗಿಯ ಹಾಗೆ ಉಬ್ಬಿ ಶ್ವಾಸಕೋಶ ಹರಿಯುತ್ತದೆ ಎಂದು ಅವನು ವಿವರಿಸುತ್ತಿದ್ದಂತೆ ಹುಡುಗ ಎದೆ ತುಂಬ ಉಸಿರು ಹಿಡಿದು ಮತ್ತೆ ಮುಳುಗಿದ್ದ. ಪುಗ್ಗಿಯ ಉದಾಹರಣೆ ಮುಗಿಯುವ ಮುಂಚೆ ಕಸ ಹಿಡಿದು ಮೇಲೆದ್ದ. ಮೋಟಾರ್ ಗುರ್ ಎಂದು ನೀರೆಸೆಯಿತು.

ಮುಳುಗಪ್ಪ ಬೆಂಗಳೂರಿಗೆ ಹೊರಟ ದಿನ ಮಾವ ಬಾಗೇವಾಡಿಗೆ ಹೋಗಿ ಬಂದರು. ಮೊಬೈಲಿನ ಕಾರ್ಡನ್ನು ಅವನಿಗೆ ಹೇಳದೆಯೇ ತಮ್ಮ ವಾಟ್ಸಾಪಿಗೆ ಕಳಿಸಿಕೊಂಡು ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಎರಡು ಝೆರಾಕ್ಸ್ ಬೇರೆ ಮಾಡಿಸಿದ್ದರು. ಸರ್ಕಾರಿ ನೇಮಕಾತಿಯಲ್ಲಿ ಯೋಜನಾ ನಿರಾಶ್ರಿತರಿಗೆ ಮೀಸಲಾತಿ ಉಂಟು. ಮುಳುಗಡೆ ಸರ್ಟಿಫಿಕೇಟಿಗಾಗಿ ಮಂದಿ ವರ್ಷಗಟ್ಟಲೆ ಅಲೆದದ್ದನ್ನು ಅವರು ಕಂಡವರು. ಇವನಿಗೆ ನಾಲ್ಕು ಮುಳುಗಿಗೇ ಸಿಕ್ಕಿದೆ.

‘ಮಾವಾ, ಇದು ಆ ಮುಳುಗಡೆ ಅಲ್ಲ.’

‘ಮುಳುಗಿಯಿಲ್ಲೋ?’

‘ಮುಳುಗೀನಿ.’

‘ಸರ್ಟಿಫಿಕೇಟ್ ಕೊಟ್ಟಾರಿಲ್ಲೋ?’

‘ಕೊಟ್ಟಾರ.’

ಕಾರ್ಡು ಈಗ ಮಾವನ ಟ್ರಂಕಿನಲ್ಲಿದೆ. ಕೆಳಗೆ ಹೊಲದ ಉತಾರ, ಮೇಲೆ ಪಡಿತರ ಚೀಟಿ, ನಡುವೆ ಓಪನ್ ವಾಟರ್ ಡೈವರ್. ಮುಳುಗಪ್ಪ ಬರುವ ರಜೆಗೆ ಅಂಡಮಾನಿನ ಟಿಕೆಟ್ ನೋಡುತ್ತಿದ್ದಾನೆ. ಮುಂದಿನ ಕೋರ್ಸಿಗೆ ಮೂವತ್ತು ಮೀಟರ್. ಆ ಸುದ್ದಿ ಫೋನಿನಲ್ಲಿ ಕೇಳಿದ ಮಾವ, ಹೊಸ ಕಾರ್ಡು ಬಂದ ಕೂಡಲೇ ಕಳಿಸು, ಹಳೆಯದಕ್ಕೆ ಪಿನ್ ಹಚ್ಚಿ ಇಡುತ್ತೇನೆ ಎಂದಿದ್ದಾರೆ.