ದುಡ್ಡು ಕೊಟ್ಟು ಕೊಂಡ ಸದ್ದು

ಕುರ್ಲಾ ಪಶ್ಚಿಮದ ಸಿಎಸ್‌ಟಿ ರೋಡಿನಲ್ಲಿ ಸಿಗದ ಕಾರಿನ ಬಿಡಿಭಾಗವೇ ಇಲ್ಲ ಎಂಬುದು ಮುಂಬಯಿಯ ಹಳೆಯ ನಂಬಿಕೆ. ಬಾಗಿಲು ಬೇಕೆ, ಬಂಪರ್ ಬೇಕೆ, ಇಡೀ ಗೇರ್‌ಬಾಕ್ಸೇ ಬೇಕೆ, ಎಲ್ಲ ಉಂಟು. ಇವನ್ನೆಲ್ಲ ಜೋಡಿಸಿಕೊಂಡ ಮೇಲೆ ಓಡಿಸಲು ಖಾಲಿ ರಸ್ತೆ ಮಾತ್ರ ಅಲ್ಲಿ ಸ್ಟಾಕ್ ಇಲ್ಲ. ಇಂಥ ಕುರ್ಲಾದಲ್ಲಿ ತರುಣರ ಹೊಸ ತಲೆನೋವು: ದಿನಾ ಆಫೀಸಿಗೆ ಹೋಗಿಬರುವ ಕಾರಿಗೆ ಯಾವ ಹೆಡರ್ ಹಾಕಿಸುವುದು?

ತಿಳಿಯದವರಿಗೆ ಎರಡು ಮಾತು. ಎಂಜಿನ್ನಿನ ನಾಲ್ಕೂ ಸಿಲಿಂಡರುಗಳ ಹೊಗೆಯನ್ನು ಒಟ್ಟು ಮಾಡಿ ಸೈಲೆನ್ಸರಿನ ದಾರಿಗೆ ಹಚ್ಚುವ ಭಾಗ ಮ್ಯಾನಿಫೋಲ್ಡ್. ಕಂಪನಿಯವರು ಕೊಟ್ಟದ್ದು ಗಿಡ್ಡ, ಒರಟು, ನೋಡಲು ಏನೂ ಚೆಂದವಿಲ್ಲ. ಅದನ್ನು ಕಿತ್ತು, ಒಂದೇ ಅಳತೆಯ ನಾಲ್ಕು ಉದ್ದ ಸ್ಟೀಲ್ ಪೈಪುಗಳನ್ನು ಬಾಗಿಸಿ ಬೆಸೆದದ್ದನ್ನು ಕೂರಿಸಿದರೆ ಹೆಡರ್. ಒಂದು ಸಿಲಿಂಡರಿನ ಹೊಗೆ ಹೊರಗೆ ನುಗ್ಗುವಾಗ ಮುಂದಿನದರ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ ಎಂಬುದು ಇದರ ಹಿಂದಿನ ಶಾಸ್ತ್ರ. ಶಾಸ್ತ್ರ ಸುಳ್ಳಲ್ಲ, ರೇಸ್ ಕಾರುಗಳೇ ಸಾಕ್ಷಿ. ಅಂಗಡಿಯಲ್ಲಿ ತೂಗುಹಾಕಿದ ಹೆಡರ್ ನಾಗಬನದ ಕಲ್ಲಿನ ಮೇಲೆ ಹೆಣೆದುಕೊಂಡ ಹಾವುಗಳಂತೆ ಕಾಣುತ್ತದೆ. ಬೆಸುಗೆಯ ಸುತ್ತ ನೀಲಿ, ನೇರಳೆ, ಹೊಂಬಣ್ಣದ ಬಳೆಗಳು. ನೋಡಿದವನಿಗೆ ಭಕ್ತಿ ಉಕ್ಕಲೇಬೇಕು. ಬಾನೆಟ್ ಮುಚ್ಚಿದ ಮೇಲೆ ದೇವರ ದರ್ಶನ ಮೆಕ್ಯಾನಿಕ್‌ಗೆ ಮಾತ್ರ ಎಂಬುದು ಆಮೇಲಿನ ಮಾತು.

ಭಕ್ತರಲ್ಲಿ ಎರಡು ಪಂಥ. ನಾಲ್ಕು ಪೈಪು ಒಮ್ಮೆಗೇ ಒಂದಾಗುವುದು ಫೋರ್-ಒನ್. ನಾಲ್ಕು ಎರಡಾಗಿ, ಎರಡು ಒಂದಾಗುವುದು ಫೋರ್-ಟೂ-ಒನ್. ಮೊದಲನೆಯದು ಎಂಜಿನ್ ಕಿರುಚುವ ವೇಗದಲ್ಲಿ ಕೆಲಸಕ್ಕೆ ಬರುತ್ತದೆ, ಎರಡನೆಯದು ನಡುವೇಗದಲ್ಲಿ. ಚೆಂಬೂರಿನ ನಮ್ಮ ಅಳಿಯ ವಾರಗಟ್ಟಲೆ ನಿದ್ದೆಗೆಟ್ಟು ತೀರ್ಪು ಕೊಟ್ಟ: "ಮಾವಾ, ಡೈಲಿ ಯೂಸಿಗೆ ಫೋರ್-ಟೂ-ಒನ್ನೇ ಸರಿ." ಅಂಗಡಿಯವನು ಎರಡೂ ಪಂಥಕ್ಕೆ ಸಮಾನ ಗೌರವ ಕೊಡುವ ಜಾತ್ಯತೀತ. "ಕೋಯಿ ಭೀ ಲೇ ಲೋ ಸೇಠ್, ಗಾಡಿ ರಾಕೆಟ್ ಹೋ ಜಾಯೇಗಾ" ಎಂದ.

ರಾಕೆಟ್ಟಿನ ಲೆಕ್ಕ ನೋಡೋಣ. 1.2 ಲೀಟರಿನ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಬರೀ ಹೆಡರ್ ಹಾಕಿದರೆ ಸಿಗುವುದು, ಅದೃಷ್ಟ ನೆಟ್ಟಗಿದ್ದರೆ, ನಾಲ್ಕೈದು ಕುದುರೆಯ ಬಲ. ಆ ಕುದುರೆಗಳೂ ಎಂಜಿನ್ ನಿಮಿಷಕ್ಕೆ 5000 ಸುತ್ತಿನ ಆಸುಪಾಸಿಗೆ ಬರುವ ತನಕ ಲಾಯ ಬಿಟ್ಟು ಕದಲುವುದಿಲ್ಲ. ಅಷ್ಟು ಸುತ್ತಿಗೆ ಎರಡನೇ ಗೇರಿನಲ್ಲೇ ಕಾರು ಅರವತ್ತು ಎಪ್ಪತ್ತು ಕಿಲೋಮೀಟರ್ ವೇಗ ಮುಟ್ಟಿರುತ್ತದೆ. ಸಂಜೆ ಏಳಕ್ಕೆ ಎಲ್‌ಬಿಎಸ್ ಮಾರ್ಗದ ಕಮಾನಿ ಸಿಗ್ನಲ್ಲಿನಲ್ಲಿ ಅರವತ್ತರ ವೇಗ! ಅಲ್ಲಿ ಕಾರನ್ನು ಕೈಗಾಡಿಯವನು ಹಿಂದೆ ಹಾಕಿ, ತಿರುಗಿ ನೋಡಿ, ಕನಿಕರಪಟ್ಟು ಹೋಗುತ್ತಾನೆ.

ಇದೇ ಕುರ್ಲಾದಲ್ಲಿ ಒಂದು ಕಾಲಕ್ಕೆ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇತ್ತು. 1944ರಲ್ಲಿ ವಾಲಚಂದ್ ಹೀರಾಚಂದ್ ಕಟ್ಟಿದ ಆ ಕಂಪನಿಯ ಪದ್ಮಿನಿ ಕಾರಿಗೆ ಇದ್ದದ್ದು 1089 ಸಿಸಿ ಎಂಜಿನ್, ಸುಮಾರು 40 ಕುದುರೆಯ ಬಲ. ಅಷ್ಟರಲ್ಲೇ ಅದು ಕಪ್ಪು-ಹಳದಿ ಟ್ಯಾಕ್ಸಿಯಾಗಿ, ನೆತ್ತಿಯ ಕ್ಯಾರಿಯರ್ ಮೇಲೆ ಟ್ರಂಕು ಹಾಸಿಗೆ ಹೊತ್ತು, 2023ರ ಅಕ್ಟೋಬರ್‌ವರೆಗೆ ಈ ನಗರವನ್ನು ಸಾಗಿಸಿತು. ಅದರ ಎರಡರಷ್ಟು ಬಲದ ಕಾರಿನಲ್ಲಿ ಒಬ್ಬನೇ ಕುಳಿತು ಹೋಗುವ ಅಳಿಯನಿಗೆ ಇನ್ನೂ ನಾಲ್ಕು ಕುದುರೆ ಸಾಲದು.

ಅವನಿಗೆ ಬೇಕಾದದ್ದು ಕುದುರೆಯಲ್ಲ, ಕೆನೆತ. ಅದು ಧಾರಾಳವಾಗಿ ಸಿಕ್ಕಿತು. ಕುರ್ಲಾ ಪೂರ್ವದ ಬಂಟರ ಭವನದ ಮದುವೆಗೆ ಅವನು ಬಂದದ್ದು ಗೇಟಿನಿಂದಲೇ ಊಟದ ಪಂಕ್ತಿಗೆ ತಿಳಿಯಿತು. ಕಾರಿಳಿದವನ ಹತ್ತಿರ ಊರಿನ ಹಿರಿಯರೊಬ್ಬರು ಬಂದು, ಹೆಗಲ ಮೇಲೆ ಕೈಯಿಟ್ಟು, "ಸೈಲೆನ್ಸರ್ ತೂತಾಗಿದೆ ಮಗಾ, ನಾಳೆಯೇ ವೆಲ್ಡಿಂಗ್ ಮಾಡಿಸು" ಎಂದರು.

ಇನ್ನು ಕೊಟ್ಟು ಕಳೆದುಕೊಂಡದ್ದರ ಲೆಕ್ಕ. ಇಂದಿನ ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಹೊಗೆಯ ವಿಷ ತೆಗೆಯುವ ಕೆಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ. ಮ್ಯಾನಿಫೋಲ್ಡ್ ಕಿತ್ತರೆ ಅದೂ ಹೋಯಿತು. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪನ ಇರುತ್ತದೆ. ಇದಕ್ಕಾಗಿಯೇ ಗುಜರಾತ್, ಮಹಾರಾಷ್ಟ್ರಗಳಲ್ಲಿ ಈಕೋ ವ್ಯಾನುಗಳ ಸೈಲೆನ್ಸರ್ ಕದಿಯುವ ತಂಡಗಳು ಪೊಲೀಸರ ಕೈಗೆ ಸಿಕ್ಕಿಬಿದ್ದಿವೆ. ಪಾಪ, ಆ ಕಳ್ಳರು ನಡುರಾತ್ರಿ ವ್ಯಾನಿನ ಕೆಳಗೆ ಮಲಗಿ, ಸ್ಪ್ಯಾನರ್ ಸದ್ದಾಗದಂತೆ ಉಸಿರು ಹಿಡಿದು ದುಡಿಯಬೇಕು. ಇಲ್ಲಿ ಅಳಿಯ ಹಗಲಲ್ಲೇ ಕಾರು ತಂದು, ಲಿಫ್ಟಿನ ಮೇಲೆ ಏರಿಸಿ, ಬಿಚ್ಚುವ ಕೂಲಿಯನ್ನೂ ತಾನೇ ಕೊಟ್ಟ. "ಹಳೆಯದು ಇಲ್ಲೇ ಬಿಡಿ ಸೇಠ್, ಐನೂರು ಕಡಿಮೆ ಮಾಡುತ್ತೇನೆ" ಎಂದದ್ದಕ್ಕೆ, ಭಲೇ ಚೌಕಾಸಿ ಮಾಡಿದೆ ಎಂದು ಬೀಗಿದ.

ಮಾರನೆಯ ದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಆಕ್ಸಿಜನ್ ಸೆನ್ಸರ್ ತನ್ನ ದೂರು ದಾಖಲಿಸಿತ್ತು. ದೀಪ ಆರಿಸಲು ಎಂಜಿನ್ ಕಂಪ್ಯೂಟರಿನ ರೀಮ್ಯಾಪ್, ರೀಮ್ಯಾಪಿಗೆ ಮತ್ತೆ ದುಡ್ಡು. ಬರಿಮೈ ಪೈಪುಗಳ ಕಾವು ಬಾನೆಟ್ಟಿನಡಿ ತುಂಬಿತು. ಹೊಗೆ ತಪಾಸಣೆಯ (ಪಿಯುಸಿ) ದಿನಕ್ಕೆ ಬೇಕೆಂದು ಹಳೆಯ ಮ್ಯಾನಿಫೋಲ್ಡ್ ಕೇಳಲು ಹೋದರೆ, "ವೋ ತೋ ಉಸೀ ದಿನ್ ನಿಕಲ್ ಗಯಾ" ಎಂಬ ಉತ್ತರ.

ಕಾನೂನೂ ಸುಮ್ಮನಿಲ್ಲ. ಕಂಪನಿಯ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅಂಥ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು; ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಬೇರೆ. ಶಿವಮೊಗ್ಗದ ಪೊಲೀಸರಂತೂ ಬೈಕುಗಳ ಕರ್ಕಶ ಸೈಲೆನ್ಸರುಗಳನ್ನು ರಸ್ತೆಗೆ ಸಾಲಾಗಿ ಹಾಸಿ ರೋಡ್ ರೋಲರ್ ಹತ್ತಿಸಿದ್ದಾರೆ. ಕುರ್ಲಾದ ಟ್ರಾಫಿಕ್ಕಿನಲ್ಲಿ ಆ ಅಪಾಯ ಕಡಿಮೆ. ರೋಲರ್ ಬಂದು ಮುಟ್ಟುವಷ್ಟರಲ್ಲಿ ಕಾರಿನ ಆಯುಷ್ಯವೇ ಮುಗಿದಿರುತ್ತದೆ.

ಆದ್ದರಿಂದ ದಿನಬಳಕೆಯ ಕಾರಿಗೆ ಹೆಡರ್ ಆರಿಸುವವರಿಗೆ ಪುಕ್ಕಟೆ ಸಲಹೆ: ಏರ್ ಫಿಲ್ಟರ್ ಬದಲಿಸಿ, ಪ್ಲಗ್ ನೋಡಿಸಿ, ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ. ಇಷ್ಟಾದ ಮೇಲೂ ಸದ್ದು ಬೇಕೇಬೇಕು ಎನಿಸಿದರೆ ಎಲ್‌ಬಿಎಸ್ ಮಾರ್ಗಕ್ಕೆ ಹೋಗಿ ಕಿಟಕಿಯ ಗಾಜು ಇಳಿಸಿ. ಬೇಡ ಎಂದರೂ ಬಿಡದೆ ಕೊಡುತ್ತಾರೆ.