ಡಿಸ್ಕ್ ಹಾಕುವ ಭಾವ

ಕಂಪ್ಯೂಟರ್ ಗೇಮ್ ಆಡುವವರದು ಒಂದು ಜಾತಿ, ಗೇಮ್ ಹಾಕುವವರದು ಇನ್ನೊಂದು. ಎರಡನೆಯವರಿಗೆ ಮೊದಲನೆಯವರನ್ನು ಕಂಡರೆ ಅಷ್ಟಕ್ಕಷ್ಟೆ. ಒತ್ತಿದ ತಕ್ಷಣ ತೆರೆದುಕೊಳ್ಳುವ ಆಟ ಇವರ ಕಣ್ಣಿಗೆ ಆಟವೇ ಅಲ್ಲ. ಅದು ಮೂವತ್ತು ವರ್ಷ ಹಳೆಯದಾಗಿರಬೇಕು, ರಾಶಿ ಫ್ಲಾಪಿಗಳಲ್ಲಿ ಬಂದಿದ್ದಿರಬೇಕು, ಇವತ್ತಿನ ಯಾವ ಯಂತ್ರದಲ್ಲೂ ನೆಟ್ಟಗೆ ಓಡಬಾರದು. ಆಗಲೇ ಇವರ ಮುಖಕ್ಕೆ ಕಳೆ ಬರುವುದು.

ಇವರ ಆಯುಧ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್. 2002ರಿಂದ ಪುಕ್ಕಟೆ ಸಿಗುತ್ತಿರುವ ಈ ತಂತ್ರಾಂಶ ಹೊಸ ಲ್ಯಾಪ್‌ಟಾಪಿನೊಳಗೆ ಕೂತು ಹಳೆಯ ಡಾಸ್ ಪಿಸಿಯ ಪಾತ್ರ ಮಾಡುತ್ತದೆ. ಪಾತ್ರದಲ್ಲಿ ಎಷ್ಟು ತಲ್ಲೀನತೆಯೆಂದರೆ, ಆ ಕಾಲದ ತಲೆನೋವುಗಳೂ ಚಾಚೂತಪ್ಪದೆ ಹಾಜರಾಗುತ್ತವೆ.

ನನ್ನ ಪಾಲಿಗೆ ಬಂದಿರುವುದು ಹೆಂಡತಿಯ ಅಕ್ಕನ ಗಂಡ. ಬ್ಯಾಂಕಿನಲ್ಲಿ ಅಧಿಕಾರಿ, ಸಾಲದ ಅರ್ಜಿಯಲ್ಲಿ ಒಂದು ಸಹಿ ಕಡಿಮೆಯಿದ್ದರೂ ಮುಲಾಜಿಲ್ಲದೆ ವಾಪಸ್ ಕಳಿಸುವವರು. ಸೌಂಡ್ ಕಾರ್ಡ್ ಯಾವುದೆಂದು ಗೇಮ್ ಕೇಳಿದರೆ ಸಾಕು, ಬೆನ್ನು ನೆಟ್ಟಗೆ ಮಾಡಿಕೊಂಡು, ಗೋತ್ರ ಪ್ರವರ ಹೇಳುವ ಹಾಗೆ, “ಸೌಂಡ್ ಬ್ಲಾಸ್ಟರ್, ಅಡ್ರೆಸ್ 220, ಐಆರ್‌ಕ್ಯೂ 7, ಡಿಎಂಎ 1” ಎಂದು ಒಪ್ಪಿಸುತ್ತಾರೆ. ಅಕ್ಕನ ಮೊಬೈಲ್ ನಂಬರ್ ಕೇಳಿದರೆ ಮಾತ್ರ ಫೋನ್ ತೆಗೆದು ನೋಡಬೇಕು.

ಹೋದ ಗಣೇಶನ ಹಬ್ಬದಲ್ಲಿ ಕಡುಬು ತಿಂದು ಇನ್ನೇನು ಮೈ ಚೆಲ್ಲಬೇಕು, ಆಗ ಕರೆ ಬಂತು. “ಬನ್ನಿ ಇಲ್ಲಿ, ಎರಡೇ ನಿಮಿಷ.” ಹನ್ನೊಂದು ಫ್ಲಾಪಿಗಳ ಯಾವುದೋ ಸಾಹಸದ ಆಟ. ಒಂದೊಂದು ಫ್ಲಾಪಿಯಲ್ಲಿ 1.44 ಎಂಬಿ, ಅವರ ಮನೆಯ ಗಣಪನನ್ನು ನನ್ನ ಫೋನಿನಲ್ಲಿ ತೆಗೆದ ಫೋಟೊ ಅದಕ್ಕಿಂತ ದೊಡ್ಡದಿತ್ತು. ಈಗ ಫ್ಲಾಪಿಯೂ ಇಲ್ಲ, ಅದನ್ನು ತುರುಕುವ ಬಾಯಿಯೂ ಇಲ್ಲ; ಇರುವುದು ಅವುಗಳ ಪಡಿಯಚ್ಚಿನಂಥ ಹನ್ನೊಂದು ಇಮೇಜ್ ಫೈಲುಗಳು. ಒಂದೇ ಆಜ್ಞೆಯಲ್ಲಿ ಹನ್ನೊಂದನ್ನೂ ಸಾಲಾಗಿ ಬರೆದು ಕೊಟ್ಟರೆ ಡಾಸ್‌ಬಾಕ್ಸ್ ಅವನ್ನು ಎ ಡ್ರೈವಿಗೆ ಏರಿಸಿಕೊಳ್ಳುತ್ತದೆ. ಆಮೇಲೆ ಕಂಟ್ರೋಲ್ ಹಿಡಿದು ಎಫ್4 ಒತ್ತಿದಾಗಲೆಲ್ಲ ಮುಂದಿನ ಡಿಸ್ಕ್. ಹಿಂದಕ್ಕೆ ಬರುವ ದಾರಿಯಿಲ್ಲ. ಒಂದು ದಾಟಿಹೋದರೆ ಪೂರ್ತಿ ಪ್ರದಕ್ಷಿಣೆ ಹಾಕಬೇಕು. ಆ ಕೀ ಒತ್ತುವ ಕೈಂಕರ್ಯಕ್ಕೆ ನನ್ನ ನೇಮಕವಾಯಿತು. ಸಂದರ್ಶನ ಇರಲಿಲ್ಲ.

“ಡಿಸ್ಕ್ 2 ಹಾಕಿ” ಎಂದು ಪರದೆ ಕೇಳಿತು. ಒತ್ತಿದೆ. ಮತ್ತೆ ಅದನ್ನೇ ಕೇಳಿತು.

“ಮೆಲ್ಲಗೆ ಒತ್ರೀ. ನೀವು ಗುದ್ದಿದರೆ ಅದಕ್ಕೆ ಎರಡು ಸಲ ಒತ್ತಿದ ಹಾಗಾಗತ್ತೆ.”

ಮೆಲ್ಲಗೆ ಒತ್ತಿದೆ. ಒಪ್ಪಲಿಲ್ಲ. ಮೂರನೇ ಸಲಕ್ಕೆ ಅದೇನನ್ನಿಸಿತೋ, ಒಪ್ಪಿಕೊಂಡಿತು. “ನೋಡಿದಿರಾ, ಹದ ಸಿಕ್ತು” ಎಂದರು ಭಾವ. ಎರಡರಿಂದ ಒಂಬತ್ತರವರೆಗೆ ಎಣ್ಣೆ ಹಾಕಿದಂತೆ ಸಾಗಿತು. ಹತ್ತು ಕೇಳಿದಾಗ ಮತ್ತೆ ತಕರಾರು. ಫೈಲಿನ ಹೆಸರನ್ನೇ ನೋಡಿಬಿಡೋಣವೆಂದು ಭಾವ ಮೌಸ್ ಹಿಡಿದರೆ ಬಾಣದ ಗುರುತು ಆ ಕಪ್ಪು ಕಿಟಕಿಯೊಳಗೆ ಸೆರೆಯಾಗಿ ಕೂತಿದೆ. ಅದನ್ನು ಬಿಡಿಸಲು ಕಂಟ್ರೋಲ್ ಜೊತೆ ಎಫ್10 ಒತ್ತಬೇಕು. ಅದರ ಪಕ್ಕದ ಎಫ್9 ಒತ್ತಿದರೆ ಡಾಸ್‌ಬಾಕ್ಸು “ನಿಜವಾಗಿಯೂ ಮುಚ್ಚಲೇ?” ಎಂಬ ಸೌಜನ್ಯವನ್ನೂ ತೋರದೆ ಪ್ರಾಣ ಬಿಡುತ್ತದೆ. ಈ ಎರಡು ಕೀಗಳನ್ನು ಅಕ್ಕಪಕ್ಕ ಇಟ್ಟವನಿಗೆ ಖಂಡಿತ ಒಬ್ಬ ಭಾವ ಇದ್ದಿರಬೇಕು, ಅವರ ಮೇಲೆ ಹಳೆಯ ಸೇಡೂ ಇದ್ದಿರಬೇಕು.

ಒತ್ತಿದ ಬೆರಳು ಭಾವನದು. ಕೆಕ್ಕರಿಸಿ ನೋಡಿದ್ದು ನನ್ನನ್ನು.

ಚಕ್ಕಲಿ ತಟ್ಟೆ ಹಿಡಿದು ಹಾದುಹೋಗುತ್ತಿದ್ದ ಅವರ ಮಗಳು ಬಗ್ಗಿ ನೋಡಿ, “ಅಪ್ಪಾ, ಒಂದಾದ ಮೇಲೆ ಹತ್ತು, ಹನ್ನೊಂದು, ಆಮೇಲೆ ಎರಡು ಬರ್ದಿದೀಯಲ್ಲ” ಎಂದಳು. ಡಿಐಆರ್ ಹೊಡೆದಾಗ ಕಂಡ ಪಟ್ಟಿಯನ್ನೇ ಭಾವ ಭಕ್ತಿಯಿಂದ ಇಳಿಸಿಕೊಂಡಿದ್ದರು. ಡಾಸ್‌ಬಾಕ್ಸ್ ಹೆಸರುಗಳನ್ನು ಜೋಡಿಸುವುದು ಅಕ್ಷರದ ಲೆಕ್ಕದಲ್ಲಿ. ಅಂಕಿಯ ಹಿರಿತನ ಅದಕ್ಕೆ ಗೊತ್ತಿಲ್ಲ. ಆ ಹುಡುಗಿ ಅಷ್ಟಕ್ಕೇ ಬಿಡದೆ, ಇಂಟರ್‌ನೆಟ್ ಆರ್ಕೈವ್‌ನವರು 2015ರಲ್ಲೇ ಸಾವಿರಾರು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಇಟ್ಟಿದ್ದಾರೆ, ಏನನ್ನೂ ಹಾಕಬೇಕಾಗಿಲ್ಲ ಎಂದಳು. ಭಾವ ಅವಳನ್ನು ನೋಡಿದ ರೀತಿಯಲ್ಲಿ ಜಾಮೀನಿಲ್ಲದ ಸಾಲಗಾರನನ್ನೂ ನೋಡಿರಲಾರರು.

ಡಿಸ್ಕಿನ ವಿಷಯದಲ್ಲಿ ಇವರ ಜೊತೆ ತಮಾಷೆ ನಡೆಯುವುದಿಲ್ಲ. 1990ರ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಆಟದ ಮೊದಲ ಆವೃತ್ತಿಯಲ್ಲಿ, ಕಾಡಿನ ಒಂದು ಮರದ ಬೊಡ್ಡೆಯೊಳಗೆ ಇಣುಕಿದರೆ, 22ನೇ ಡಿಸ್ಕ್ ಹಾಕಿ, 36ನೇದು ಹಾಕಿ, 114ನೇದು ಹಾಕಿ ಎಂದು ಪರದೆ ಕೇಳುತ್ತಿತ್ತು. ಅಂಥ ಡಿಸ್ಕುಗಳೇ ಇರಲಿಲ್ಲ, ಬರೀ ಕೀಟಲೆ. ಜನ ನಿಜವೆಂದೇ ನಂಬಿ ಕಂಪನಿಗೆ ಫೋನ್ ಮಾಡಿ ಗೋಳಾಡಿದ್ದರಿಂದ ಮುಂದಿನ ಆವೃತ್ತಿಗಳಲ್ಲಿ ಅದನ್ನು ತೆಗೆದುಹಾಕಿದರು. ಇದನ್ನು ಕೇಳಿ ನಾನು ಹೊಟ್ಟೆ ಹಿಡಿದು ನಕ್ಕೆ. ಭಾವ ನಗಲಿಲ್ಲ. “ಡಿಸ್ಕ್ ಇಲ್ಲದವನ ಸಂಕಟ ನಿಮಗೇನು ಗೊತ್ತು” ಎಂದರು.

ಅವರಿಗೆ ಗೊತ್ತಿತ್ತು. ತೊಂಬತ್ತರ ದಶಕದ ಮೈಸೂರಿನಲ್ಲಿ, ಕಂಪ್ಯೂಟರ್ ಕ್ಲಾಸಿನ ಗೆಳೆಯನೊಬ್ಬನಿಂದ ಒಂದು ಗೇಮಿನ ಕಟ್ಟನ್ನು ಕಾಡಿಬೇಡಿ ತಂದಿದ್ದರಂತೆ. ಕೊನೆಯ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ‘ಅಬಾರ್ಟ್, ರಿಟ್ರೈ, ಫೇಲ್?’ ಎಂದು ಯಂತ್ರ ಕೇಳುತ್ತಿದ್ದರೆ ಇವರು ರಿಟ್ರೈ ಒತ್ತುತ್ತಲೇ ಇದ್ದರಂತೆ, ಕ್ಲಾಸಿನವರು ಬಾಗಿಲು ಹಾಕುವ ತನಕ. ಬೇರೆ ಪ್ರತಿ ಸಿಗಲಿಲ್ಲ. ಆಮೇಲೆ ಬ್ಯಾಂಕ್ ಪರೀಕ್ಷೆ, ವರ್ಗಾವಣೆ, ಮದುವೆ. ಇದನ್ನೆಲ್ಲ ಭಾವ ಪರದೆಯಿಂದ ಕಣ್ಣು ತೆಗೆಯದೆ, ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದರು.

ಕೊನೆಗೂ ಆ ಸಂಜೆ ಹನ್ನೊಂದನೇ ಡಿಸ್ಕೂ ಇಳಿಯಿತು. ಗೇಮ್ ತೆರೆಯಿತು, ಸಂಗೀತ ಮೊಳಗಿತು, ಒಂದು ಕೋಟೆ ಕಂಡಿತು. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. “ಓಡ್ತಿದೆ” ಎಂದು ಹೇಳಿ ಭಾವ ಅದನ್ನು ಮುಚ್ಚಿಬಿಟ್ಟರು. ಆ ಕೋಟೆಯೊಳಗೆ ಏನಿತ್ತೆಂದು ನನಗಿನ್ನೂ ಗೊತ್ತಾಗಿಲ್ಲ.

ಈಗ ಅವರ ಕಣ್ಣು ವಿಂಡೋಸ್ 95ರ ಮೇಲೆ ಬಿದ್ದಿದೆ. ಅದು ಗೇಮಲ್ಲ, ನಿಜ. ಆದರೆ ಅದು 13 ಫ್ಲಾಪಿಗಳಲ್ಲೂ ಸಿಗುತ್ತಿತ್ತು. ಭಾವನಿಗೆ ಅಷ್ಟು ಅರ್ಹತೆ ಸಾಕು. ದೀಪಾವಳಿಗೆ ಕರೆ ಬಂದಿದೆ, ಅಕ್ಕನಿಂದ ಹೋಳಿಗೆಗೆ, ಭಾವನಿಂದ ಕಂಟ್ರೋಲ್ ಎಫ್4ಗೆ. ಎಫ್9 ಕೀ ಕಿತ್ತಿಟ್ಟಿದ್ದರೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.